ತೌಡು ತುಂಬಿದ ಡಬ್ಬಿ

ಆಟ ನಿಂತಿತೆಂದರೆ ಶೀಲಾಳ ಮೈ ತಾನಾಗಿಯೇ ಮುದುಡಿಕೊಳ್ಳುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಅವಳ ಗಮನವೆಲ್ಲ ನಡುಮನೆಯ ಮೇಲೆ. ಅಲ್ಲಿ ಅವಳ ಗಂಡ ಚನ್ನಬಸವರಾಜ, ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟ ದೊಡ್ಡ ಮನುಷ್ಯ, ಊರವರ ಬಾಯಲ್ಲಿ ಬಸಣ್ಣ, ಸಂಜೆ ಅಂಗಡಿ ಮುಚ್ಚಿ ಬಂದವನೇ ಹಳೆಯ ಕಂಪ್ಯೂಟರಿನ ಮುಂದೆ ಕೂತು ಬಂದೂಕಿನ ಆಟ ಆಡುತ್ತಿದ್ದ. ಗುಂಡಿನ ಸದ್ದು ಒಂದೇ ಸಮನೆ ಬರುತ್ತಿದ್ದರೆ ಮನೆ ಕ್ಷೇಮ. ಸದ್ದು ತೊದಲಿತು, ಪರದೆ ತಿಣುಕಿತು ಎಂದರೆ ಬಸಣ್ಣ ಸತ್ತನೆಂದೇ ಲೆಕ್ಕ. ಆಟದಲ್ಲಿ ಸತ್ತವನು ಕುರ್ಚಿಯನ್ನು ಹಿಂದಕ್ಕೆ ಒದ್ದು ಎದ್ದು ಬರುತ್ತಿದ್ದ.

"ಒಳಗ ಮಿಕ್ಸಿ ಹಚ್ಚಿದೇನಲೇ? ಫೋನಿನ್ಯಾಗ ವಿಡಿಯೋ ನೋಡ್ಕೋಂತ ನೆಟ್ ಎಲ್ಲಾ ತಿನ್ನಾಕ ಹತ್ತಿದ್ದೇನು?"

ಉತ್ತರಕ್ಕೆ ಕಾಯುವ ಜಾಯಮಾನ ಅವನದಲ್ಲ. ಕಪಾಳಕ್ಕೆ ಬೀಳುತ್ತಿತ್ತು, ಬೆನ್ನಿಗೆ ಬೀಳುತ್ತಿತ್ತು. ಒಂದು ಸಲ ಕೀಬೋರ್ಡ್ ಕಿತ್ತು ಬೀಸಿದ್ದಕ್ಕೆ ಅವಳ ಹುಬ್ಬು ಹರಿದು, ಅಕ್ಷರದ ಗುಂಡಿಗಳೆಲ್ಲ ನೆಲದ ಮೇಲೆ ಚೆಲ್ಲಾಡಿದವು. ಪುಣ್ಯಾತ್ಮನಿಗೆ ಗುಂಡಿಗಳದೇ ಚಿಂತೆ. ರಕ್ತ ಒರೆಸಿಕೊಳ್ಳುವ ಮೊದಲು ಅವನ್ನು ಒಂದೊಂದಾಗಿ ಆರಿಸಿ ಕೊಟ್ಟವಳೂ ಅವಳೇ.

ಈ ಬೆಂಕಿಗೆ ತುಪ್ಪ ಸುರಿಯಲು ಕುರುಗೋಡಿನ ಹುಲುಗೇಶ ಇದ್ದ. ಬಸಣ್ಣನ ಜೊತೆ ದಿನಾ ನೆಟ್ಟಿನಲ್ಲಿ ಆಡುವ ಗೆಳೆಯ. ಅವನ ದನಿ ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳಿಸುತ್ತಿತ್ತು. "ಬಸಣ್ಣಾ, ನಿನ್ನ ಕಂಪ್ಯೂಟರ್ ಚಕ್ಕಡಿ ಗಾಡಿ ಆಗೈತಲ್ಲೋ!" ಎಂದು ಅವನು ಹಲ್ಲುಕಿರಿದರೆ ಈ ಕಡೆ ಪಿತ್ತ ನೆತ್ತಿಗೇರುತ್ತಿತ್ತು. ಕುರುಗೋಡು ದೂರ, ಅಡುಗೆಮನೆ ಹತ್ತಿರ.

ಅತ್ತೆ ಚನ್ನವೀರಮ್ಮನದು ಒಂದೇ ಪಲ್ಲವಿ. "ನನ್ನ ಮಗ ಬಂಗಾರದಂಥಾವ, ಶೀಲವ್ವಾ. ಆ ಕಂಪ್ಯೂಟರ್ ಡಬ್ಬಿ ಕೆಟ್ಟೈತಿ. ಅದು ಕೆಟ್ಟಿದ್ದಕ್ಕ ಅವನ ತಲಿ ಕೆಡತೈತಿ." ಶೀಲಾ ಅದನ್ನು ನಂಬಿದ್ದಳು. ನಂಬದೆ ಏನು ಮಾಡಿಯಾಳು? ಡಬ್ಬಿ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು.

ಒಂದು ಸಂಜೆ ಏಟು ಎಡಗಿವಿಯ ಮೇಲೆ ಬಿತ್ತು. ಕಿವಿಯೊಳಗೆ ಪಟ್ ಎಂದಿತು, ದಿಂಬಿನ ಮೇಲೆ ರಕ್ತ ಇಳಿಯಿತು. ಮರುದಿನ ಬಳ್ಳಾರಿಯ ಡಾಕ್ಟರು ದೀಪ ಹಿಡಿದು ನೋಡಿ, "ಕಿವಿಯ ಪರದೆ ಹರಿದಿದೆಯಮ್ಮಾ. ಕೂಡಿಕೊಳ್ಳುತ್ತದೆ. ಆದರೆ ಇದರ ಮೇಲೆ ಇನ್ನೊಂದು ಏಟು ಬಿದ್ದರೆ ಈ ಕಿವಿ ಹೋಯಿತು ಅಂತಲೇ ತಿಳ್ಕೊಳ್ಳಿ," ಎಂದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಅವಳು ಜಾರಿ ಬಿದ್ದೆ ಎಂದಳು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅವಳು ಲೆಕ್ಕ ಹಾಕಿದಳು. ಸಂಜೆ ಮತ್ತೆ ಆಟ ಇದೆ, ಮತ್ತೆ ಡಬ್ಬಿ ತಿಣುಕುತ್ತದೆ. ಅವಳು ಬಸ್‌ಸ್ಟ್ಯಾಂಡಿಗೆ ಹೋಗದೆ ಆಟೋ ಹತ್ತಿ ಪಾರ್ವತಿನಗರಕ್ಕೆ ಹೋದಳು.

ಅಲ್ಲಿ ಅವಳ ಕಾಲೇಜಿನ ಗೆಳತಿ ಗುಲ್ನಾಜ್ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದಳು. ಕಿವಿಗೆ ತುರುಕಿದ ಹತ್ತಿ ನೋಡಿ ಗುಲ್ನಾಜಳ ಮುಖ ಗಂಟಾಯಿತು. ಶೀಲಾ ಕಿವಿಯ ಸುದ್ದಿ ತೆಗೆಯಗೊಡದೆ ಡಬ್ಬಿಯ ಸುದ್ದಿ ಹೇಳಿದಳು.

"ಹಚ್ಚಿದ ಕೂಡ್ಲೆ ಚಲೋ ಓಡತೈತೇನು?" ಗುಲ್ನಾಜ್ ಕೇಳಿದಳು.

"ಹೂಂ. ಸ್ವಲ್ಪ ಹೊತ್ತಿನ ಮ್ಯಾಲ ತಿಣಕಾಕ ಹತ್ತತೈತಿ. ಒಳಗ ಫ್ಯಾನ್ ಗೊರ್ರ್ ಅಂತೈತಿ."

"ಹಂಗಾರ ಕಾವು ಲೇ. ಕಾದ್ರ ಸುಟ್ಟು ಹೋಗಬಾರ್ದಂತ ಅದು ತಾನ ಮೆಲ್ಲಕ ಆಗತೈತಿ. ನಿಮ್ಮ ಮನಿ ಹಿಂದ ಏನೈತಿ?"

"ರೈಸ್ ಮಿಲ್ಲು."

"ತೌಡು ತುಂಬಿರತೈತಿ ನೋಡು ಒಳಗ!"

ಗುಲ್ನಾಜ್ ಒಂದು ಹಳೆಯ ಯಂತ್ರ ಬಿಚ್ಚಿ, ಎಲ್ಲಿ ತೆಗೆಯಬೇಕು, ಎಲ್ಲಿ ಉಜ್ಜಬೇಕು, ಪ್ರೊಸೆಸರಿನ ಮೇಲೆ ಕಾವು ಎಳೆಯುವ ಪೇಸ್ಟ್ ಎಷ್ಟು ಹಚ್ಚಬೇಕು ಎಂದು ತೋರಿಸಿದಳು. ಮೆಮೊರಿಯ ಒಂದು ಪಟ್ಟಿ, ಬ್ರಷ್ಷು, ಪೇಸ್ಟಿನ ಟ್ಯೂಬು ಚೀಲಕ್ಕೆ ಹಾಕಿದಳು. ಕಂಪ್ಯೂಟರ್ ಹಚ್ಚುತ್ತಲೇ ತಾವಾಗಿ ಏಳುವ ಬೇಡದ ಪ್ರೋಗ್ರಾಮುಗಳನ್ನು ನಿಲ್ಲಿಸು, ಆಟದಲ್ಲಿ ನೆರಳಿನ ಚಿತ್ರ ಕಡಿಮೆ ಮಾಡು ಎಂದಳು. ಬಾಗಿಲವರೆಗೂ ಬಂದವಳು ತಡೆಯಲಾರದೆ ಅಂದಳು: "ಡಬ್ಬಿ ಸರಿ ಆಗತೈತಿ ಬಿಡು. ಆಮ್ಯಾಲೂ ಹೊಡದ್ರ ಏನ್ ಮಾಡ್ತೀ ಶೀಲಾ?"

"ಯಾಕ ಹೊಡೀತಾರ ಆಮ್ಯಾಲ?" ಎಂದಳು ಶೀಲಾ. ಹುಚ್ಚಿ, ನಿಜವಾಗಿಯೇ ಹಾಗೆ ತಿಳಿದಿದ್ದಳು.

ಅಂದು ಸಂಜೆ ಜ್ವರವೆಂದು ಹೊದ್ದು ಮಲಗಿ ಹೇಗೋ ಪಾರಾದಳು. ಮರುದಿನ ಬಸಣ್ಣ ಅಂಗಡಿಗೆ ಹೋದ ಬೆನ್ನಿಗೇ ಡಬ್ಬಿಯ ಪಕ್ಕದ ತಗಡು ಬಿಚ್ಚಿದಳು. "ಮುಟ್ಟಬ್ಯಾಡವ್ವಾ, ಕೊಂದಾನು!" ಎಂದು ಚನ್ನವೀರಮ್ಮ ಅಂಗಲಾಚಿದಳು. ಒಳಗೆ ಫ್ಯಾನಿನಡಿಯ ಲೋಹದ ಸಂದುಗಳಲ್ಲಿ ತೌಡು ಕಂಬಳಿಯಂತೆ ಮೆತ್ತಿಕೊಂಡು ಕೂತಿತ್ತು, ಮಿಲ್ಲಿನದೇ ವಾಸನೆ. ಶೀಲಾ ಅದನ್ನು ಪಿನ್ನಿನಿಂದ ಇರಿದಳು, ಕೆರೆದಳು, ಉಗುರಿನಿಂದ ಬಗೆದು ಕಿತ್ತಳು. ಇದೇ, ಇದೇ ನನ್ನ ಹುಬ್ಬು ಹರಿದದ್ದು, ಇದೇ ನನ್ನ ಕಿವಿ ಒಡೆದದ್ದು ಎಂದು ಹಲ್ಲು ಕಚ್ಚಿ ಕಿತ್ತಳು. ಬೆರಳ ತುದಿ ಕೊಯ್ದು ರಕ್ತ ಬಂದರೂ ಬಿಡಲಿಲ್ಲ. ಪೇಸ್ಟ್ ಹಚ್ಚಿ, ಮೆಮೊರಿ ಕೂರಿಸಿ, ಹೇಳಿಸಿಕೊಂಡದ್ದನ್ನೆಲ್ಲ ಮಾಡಿ ಮುಗಿಸಿದಳು. ಎರಡು ದಿನ ಗಾಳಿಯಾಡಲೆಂದು ತಗಡನ್ನು ಮತ್ತೆ ಹಾಕದೆ ಗೋಡೆಗೆ ಒರಗಿಸಿದಳು.

ಸಂಜೆ ಬಸಣ್ಣ ತೆರೆದ ಡಬ್ಬಿ ನೋಡಿ ಹುಬ್ಬೇರಿಸಿದ. "ಸರಿ ಮಾಡೀನ್ರಿ, ಒಮ್ಮಿ ಹಚ್ಚಿ ನೋಡ್ರಿ," ಎಂದಳು. "ನೀನು?" ಎಂದು ನಕ್ಕು ಕೂತ. ಆಟ ಶುರುವಾಯಿತು. ಗುಂಡುಗಳು ಎಡೆಬಿಡದೆ ಹಾರಿದವು. ಪರದೆಯ ಮೇಲೆ ಬಸಣ್ಣ ಓಡಿದ, ಹಾರಿದ, ಕಂಡಕಂಡವರ ತಲೆ ಒಡೆದ, ಎಲ್ಲೂ ತಿಣುಕಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೈ ಮುಗಿದು ನಿಂತಿದ್ದಳು. ಕಡೆಗೆ ಗೆದ್ದೇಬಿಟ್ಟ. ಶೀಲಾಳಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು.

"ಎಲ್ಲಿ ರಿಪೇರಿ ಮಾಡಿಸಿದ್ಯೋ ಬಸಣ್ಣಾ?" ಹುಲುಗೇಶ ಕೇಳಿದ.

"ನಾನ ಮಾಡೀನ್ರಿ ಅಣ್ಣಾರ!" ಶೀಲಾ ಹಿಂದಿನಿಂದ ಕೂಗಿಬಿಟ್ಟಳು.

ಸ್ಪೀಕರು ಗೊಳ್ಳೆಂದು ನಕ್ಕಿತು. "ಹಂಗಾರ ಗೆದ್ದಾವ ನೀನಲ್ಲ ಬಿಡೋ, ಗೆದ್ದಾಕಿ ನಮ್ಮ ಅತ್ತಿಗಿ!"

ಬಸಣ್ಣ ಮೌಸನ್ನು ಮೆಲ್ಲಗೆ ಪಕ್ಕಕ್ಕಿಟ್ಟ. ಎದ್ದ. "ಗಂಡಸರ ಮಾತಿನ್ಯಾಗ ಬಾಯಿ ಹಾಕ್ತೀಯೇನಲೇ?" ಮೊದಲ ಏಟಿಗೆ ಅವಳ ತುಟಿ ಒಡೆಯಿತು. ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಕುಸಿದು ಕೂತವಳ ಪಕ್ಕೆಗೆ ಒದ್ದ. ಆಮೇಲೆ ಬಲಗೈ ಮೇಲೆತ್ತಿದ. ಅದು ಎಡಗಿವಿಗೇ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಅವಳ ಕೈಗೆ ತಗಡು ಸಿಕ್ಕಿತು. ಎತ್ತಿ ಅಡ್ಡ ಹಿಡಿದಳು. ಅವನು ಬೀಸಿದ ರಭಸಕ್ಕೆ ಅಂಗೈ ಅದರ ಅಂಚಿಗೇ ಬಂದು ಬಡಿಯಿತು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೀಳಿತು. ಅವನು ಕಿರುಚಿಕೊಂಡ. ಶೀಲಾ ಎದ್ದು ನಿಂತು ಅದೇ ತಗಡಿನಿಂದ ಅವನ ಹೆಗಲಿಗೆ ಹೊಡೆದಳು.

"ಆಟ ನಿಂತಿತೇನ್ರಿ?" ಮತ್ತೆ ಹೊಡೆದಳು. "ನೆಟ್ ಹೋತೇನ್ರಿ?" ಬಾಯಿಗೆ ಬಿತ್ತು, ಹಲ್ಲು ಮುರಿಯಿತು. "ಗೆದ್ರಲ್ಲ! ಗೆದ್ದ ಮ್ಯಾಲೂ ಯಾಕ ಹೊಡದ್ರಿ? ಹೇಳ್ರಿ, ಯಾಕ?"

ಬಸಣ್ಣ ರಕ್ತ ಉಗುಳಿದ. ಅವನು ಮೇಜಿನ ಕೆಳಗೆ ನುಸುಳಿದ.

ಗದ್ದಲ ಕೇಳಿ ಪಕ್ಕದ ಮನೆಯ ಹಂಪಮ್ಮ ಓಡಿ ಬಂದಳು, ಅವಳ ಹಿಂದೆ ಅರ್ಧ ಓಣಿಯೇ ಬಂತು. ಬಸಣ್ಣನಿಗೆ ಅಷ್ಟಾದ ಮೇಲೆ ದನಿ ಬಂತು. "ಅವ್ವಾ, ಹೇಳವ್ವಾ ಇವರಿಗೆ! ಸುಮ್ಮನ ಕುಂತಾವನ್ನ ಹೊಡದಾಳ. ಇಕಿಗೆ ಹುಚ್ಚು ಹಿಡದೈತಿ ಅಂತ ಹೇಳು!"

"ನಾನ ಹೊಡದೀನಿ," ಎಂದಳು ಶೀಲಾ, ಏದುಸಿರು ಬಿಡುತ್ತ. "ವರ್ಷಾನುಗಟ್ಟಲೆ ತಿಂದು ಇವತ್ತು ಹೊಡದೀನಿ. ಈಗ ಬಳ್ಳಾರಿಗೆ ಗುಲ್ನಾಜ್ ಹತ್ರ ಹೊಂಟೀನಿ."

"ಚನ್ನವೀರಕ್ಕಾ, ಶೀಲಾ ಹೇಳೂದು ಖರೇ ಏನ?" ಹಂಪಮ್ಮ ಕೇಳಿದಳು. ಎಲ್ಲರೂ ಮುದುಕಿಯ ಕಡೆ ತಿರುಗಿದರು. ಚನ್ನವೀರಮ್ಮ ಮಗನನ್ನು ನೋಡಿದಳು, ಸೊಸೆಯ ಒಡೆದ ತುಟಿ ನೋಡಿದಳು, ಕೊನೆಗೆ ರೂಢಿಯಂತೆ ಡಬ್ಬಿಯ ಕಡೆ ನೋಡಿದಳು. ಪರದೆಯ ಮೇಲೆ ಆಟ ತಡೆಯಿಲ್ಲದೆ ನಡೆದಿತ್ತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಖರೇ," ಎಂದಳು. "ಇವನಪ್ಪನೂ ನನಗ ಹಿಂಗ ಹೊಡೀತಿದ್ದ. ಆವಾಗ ಮನ್ಯಾಗ ಕಂಪ್ಯೂಟರ್ ಇರಲಿಲ್ಲ."