ಪಟ್ಟಿ ಬಿಚ್ಚಿದ ಮೇಲೆ ನೋಡುವ ಸೀರಿಯಲ್

ಫ್ಯಾನಿನ ನೆರಳು ಡಿವಿಡಿ ಡಬ್ಬಗಳ ಮೇಲೆ ಹಾದುಹೋಗುತ್ತಿದೆ, ಡಬ್ಬದ ಮೇಲಿನ ಒಂದು ಮುಖ ಕಪ್ಪಾಗುತ್ತದೆ, ಬೆಳಗುತ್ತದೆ, ಮತ್ತೆ ಕಪ್ಪಾಗುತ್ತದೆ, ರೆಪ್ಪೆ ಬಡಿದ ಹಾಗೆ — ಇಲ್ಲ, ಅದು ಬೇಡ, ಈಚೆಗೆ ಯಾವುದನ್ನು ಕಂಡರೂ ಶಶಿಯ ಮನಸ್ಸು ಕಣ್ಣಿನ ಕಡೆಗೇ ಹೊರಳುತ್ತದೆ, ನೆರಳು ನೆರಳೇ, ಫ್ಯಾನು ಫ್ಯಾನೇ, ಇದು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಡಿವಿಡಿ ಅಂಗಡಿ, ಅವಳು ಬಂದಿರುವುದು ಗಂಡನಿಗೆ ಒಂದು ಸೀರಿಯಲ್ ತೆಗೆದುಕೊಂಡು ಹೋಗುವುದಕ್ಕೆ, ಅಷ್ಟೇ ಕೆಲಸ, ಆದರೆ ರಾವಂದೂರಿನಿಂದ ಬಸ್ಸಿನಲ್ಲಿ ನಿಂತೇ ಬಂದ ಕಾಲು ಸೋತಿದೆ, ಕಾಲಿಗಿಂತ ನಾಲಿಗೆ ಸೋತಿದೆ. ಅಂಗಡಿಯ ಬಸವರಾಜು ಮೂರು ಡಬ್ಬಗಳನ್ನು ಇಸ್ಪೀಟು ಹಂಚಿದವನ ಹಾಗೆ ಗಾಜಿನ ಮೇಜಿನ ಮೇಲೆ ಸಾಲಾಗಿಟ್ಟು ಕೈಕಟ್ಟಿ ನಿಂತಿದ್ದಾನೆ, ನೋಡಿ ಮೇಡಮ್ಮೋರೆ, ಇಡೀ ತಾಲ್ಲೂಕಲ್ಲಿ ಈ ಇಂಗ್ಲಿಷ್ ಆಕಾಶದ ಸೀರಿಯಲ್ ಕೇಳೋರು ನಿಮ್ಮೆಜಮಾನ್ರು ಒಬ್ರೇ, ಅವರಿಗೋಸ್ಕರಾನೇ ಮೈಸೂರಿಂದ ತರ್ಸೋದು ನಾನು, ಮಿಕ್ಕೋರು ಎತ್ತಿ ನೋಡಿ ಇದ್ರಲ್ಲಿ ಫೈಟ್ ಇಲ್ವಾ ಅಂತ ಮಡಗ್ಬುಟ್ಟು ಓಯ್ತಾರೆ. ಅವಳು ನಕ್ಕಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಮೊದಲನೆಯದು ಮಂಗಳ ಗ್ರಹದ್ದು, ಎರಡೇ ಡಿಸ್ಕು, ಬೇಗ ಮುಗಿಯುತ್ತದೆ. ಎರಡನೆಯದರಲ್ಲಿ ಯಾವುದೋ ಜೀವಿಗಳು ಭೂಮಿಗೆ ಬಂದು ಇಳಿಯುತ್ತವೆ, ಅವಕ್ಕೆ ಬಾಯಿಯೇ ಇಲ್ಲ, ಮೈಯ ಬಣ್ಣ ಬದಲಿಸಿ ಮಾತಾಡುತ್ತವಂತೆ, ಬೇಡ, ದಮ್ಮಯ್ಯ, ಆ ಬಣ್ಣಗಳನ್ನೆಲ್ಲ ಅವಳು ಹೇಳಬೇಕಾಗುತ್ತದೆ. ಯಾವುದರಲ್ಲಿ ಮಾತು ಹೆಚ್ಚು, ಯಾವುದರಲ್ಲಿ ಚಿತ್ರ ಹೆಚ್ಚು, ಈಗ ಅವಳು ಡಬ್ಬದ ಹಿಂಬದಿ ಓದುವುದು ಹೀಗೆ. ಮಾತಿದ್ದರೆ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳಿದರಾಯಿತು, ಹುಣಸೂರಿನ ಕಾಲೇಜಿನಲ್ಲಿ ಮಾಡಿದ ಬಿ.ಎ. ಅಷ್ಟಕ್ಕೆ ಸಾಕು, ಚಿತ್ರವಿದ್ದರೆ ಅಷ್ಟಕ್ಕೆ ಬಿಡುವವರಲ್ಲ ಅವರು, ಎಂಥ ಕೆಂಪು ಅದು, ಇಟ್ಟಿಗೆ ಕೆಂಪಾ ಕುಂಕುಮದ ಕೆಂಪಾ ಎಂದು ಕೇಳುತ್ತಾರೆ, ಎರಡು ಕಣ್ಣಿಗೂ ಹತ್ತಿಯಿಟ್ಟು ಸುತ್ತಿದ ಬಿಳಿ ಪಟ್ಟಿಯನ್ನು ಟಿ.ವಿ.ಯ ಕಡೆಗೇ ನೆಟ್ಟಗೆ ತಿರುಗಿಸಿಕೊಂಡು.

ಮೂರನೆಯ ಡಬ್ಬವನ್ನು ಅವಳು ಮುಟ್ಟಲಿಲ್ಲ, ಅದು ಹಡಗಿನದು, ದೊಡ್ಡದು, ಇಟ್ಟಿಗೆಯಷ್ಟು ದಪ್ಪ. ಭೂಮಿ ಬಿಟ್ಟು ಹೊರಟ ಹಡಗಿನಲ್ಲೇ ಹುಟ್ಟಿ ಹಡಗಿನಲ್ಲೇ ಮುದುಕರಾಗುವವರ ಕಥೆ, ನೋಡಿ ಮುಗಿಸಬೇಕಾದರೆ ಒಂದು ಮಳೆಗಾಲ ಬೇಕು. ಬೆಂಕಿಗೆ ಮುಂಚೆ ಅವರೇ ಬಸವರಾಜುವಿಗೆ ಹೇಳಿ ತರಿಸಿದ್ದು, ಹೊಗೆಸೊಪ್ಪಿನ ಕೆಲಸ ಮುಗಿಯಲಿ, ಆರಾಮಾಗಿ ಕೂತು ನೋಡೋಣ ಕಣೆ ಎಂದಿದ್ದರು, ಆಮೇಲೆ ಆಸ್ಪತ್ರೆಯಿಂದ ಬಂದ ದಿನ ಮಂಚದಲ್ಲಿ ಕೂತು, ದೊಡ್ಡದು ತರಬೇಡ, ಚಿಕ್ಕಪುಟ್ಟದ್ದು ತಗೊಂಡು ಬಾ, ನೀನು ಹೇಳು ನಾನು ಕೇಳ್ತೀನಿ, ದೊಡ್ಡದು ಮಾತ್ರ ಪಟ್ಟಿ ಬಿಚ್ಚಿದ ಮೇಲೆ ನಾನೇ ಕಣ್ಣಾರೆ ನೋಡ್ಬೇಕು ಎಂದರು. ಅಂದಿನಿಂದ ಅವಳು ಪಿರಿಯಾಪಟ್ಟಣಕ್ಕೆ ಹೋಗಿಬಂದಾಗಲೆಲ್ಲ ಚಪ್ಪಲಿ ಬಿಡುವ ಸದ್ದಿಗೇ ಕೇಳುತ್ತಾರೆ, ದೊಡ್ಡದು ಇನ್ನೂ ಅಂಗ್ಡೀಲೇ ಅದಾ? ಅದೆ ಕಣ್ರೀ, ಯಾರೂ ತಗೊಂಡಿಲ್ಲ. ಹೂಂ ಎಂದು ಉಸಿರು ಬಿಡುತ್ತಾರೆ, ಆ ಉಸಿರು ಅವಳಿಗೆ ಹಿಡಿಸುವುದಿಲ್ಲ, ಅದು ಬರೀ ಸೀರಿಯಲ್ಲಿನ ಆಸೆಯ ಉಸಿರಲ್ಲ, ಗಾಯವನ್ನು ಒತ್ತಿ ನೋಡಿ, ನೋವಿಲ್ಲ ಸದ್ಯ, ಎಂದು ಬೆರಳು ತೆಗೆದವರ ಉಸಿರು.

ಮೊದಲೆಲ್ಲ ಹೇಳುತ್ತಿದ್ದವರು ಅವರು, ಕೇಳುತ್ತಿದ್ದವಳು ಇವಳು. ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಸೊಪ್ಪು ತೂಗುಹಾಕಿ ಕಾಯಿಸುವ ಬ್ಯಾರನ್ನಿನ ಮುಂದೆ ಯಾರಾದರೊಬ್ಬರು ಕೂತಿರಲೇಬೇಕು, ಒಲೆಗೆ ಸೌದೆ ತಳ್ಳುತ್ತ, ಗೋಡೆಯಲ್ಲಿ ಕೂರಿಸಿದ ಅಂಗೈಯಗಲದ ಗಾಜಿನಿಂದ ಒಳಗೆ ತೂಗುವ ಥರ್ಮಾಮೀಟರನ್ನು ನೋಡುತ್ತ, ಶಾಖ ಏರಿದರೆ ಸೊಪ್ಪು ಕರಕಲು, ಇಳಿದರೆ ಬಣ್ಣ ಕೆಟ್ಟಿತು, ಗಂಡ ಹೆಂಡತಿ ಸರದಿಯ ಮೇಲೆ ಕಾಯುವುದು, ಒಬ್ಬರು ಮಲಗಿದರೆ ಒಬ್ಬರು ಎದ್ದಿರುವುದು. ಮದುವೆಯಾದ ಹೊಸತರಲ್ಲಿ ಇವಳಿಗೆ ಒಲೆಯ ಕಾವಿಗೇ ತೂಕಡಿಕೆ, ಅವರು ತಮ್ಮ ಪಾಲಿನ ನಿದ್ದೆ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದರು, ಚಿಕ್ಕಂದಿನಲ್ಲಿ ಭಾನುವಾರ ಭಾನುವಾರ ರಾವಂದೂರಿಗೆ ನಡೆದು ಹೋಗಿ ಯಾರದೋ ಮನೆಯ ಕಿಟಕಿ ಸರಳು ಹಿಡಿದು ನೋಡಿದ ಸೀರಿಯಲ್ಲುಗಳನ್ನೆಲ್ಲ ಹೇಳುತ್ತಿದ್ದರು, ಕಿಟಕಿಯಲ್ಲಿ ಟಿ.ವಿ.ಯ ಅರ್ಧ ಮಾತ್ರ ಕಾಣ್ತಿತ್ತು ಕಣೆ, ಎಡಗಡೆ ಅರ್ಧ, ಬಲಗಡೇದು ನಾನೇ ಕಟ್ಕೊಂಡು ಹೇಳ್ತಿದ್ದೀನಿ, ತಪ್ಪಿದ್ರೆ ಹೊಟ್ಟೇಗೆ ಹಾಕ್ಕೊ. ನಗು, ಒಲೆಯ ಬೆಳಕು, ಮಾತಿನ ಮಧ್ಯೆ ಎದ್ದು ಹೋಗಿ ಟವಲಿನ ತುದಿಯಿಂದ ಗಾಜು ಒರೆಸಿ ಒಳಗೆ ಇಣುಕುವುದು, ಒರೆಸುವುದು, ಇಣುಕುವುದು. ಅವತ್ತೂ ಹಾಗೆಯೇ ಒರೆಸಿದರು, ಹಾಡುಹಗಲು, ಇವಳು ಚಪ್ಪರದ ಕೆಳಗೆ ಅತ್ತೆಯ ಜೊತೆ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು, ಸುಟ್ಟ ವಾಸನೆ ಬಂತೆಂದು ಅತ್ತೆ ಮೂಗರಳಿಸಿದರು, ಒಲೆಯ ಮುಂದಿದ್ದ ಅವರು ಗಾಜಿನ ಹತ್ತಿರ ಹೋದರು, ಒರೆಸಿದರು, ಇಣುಕಿದರು, ಮತ್ತೆ ಒರೆಸಿದರು, ಟವಲಿಗೆ ಉಗುಳು ಹಚ್ಚಿ ಒರೆಸಿದರು, ಕಾಣಲಿಲ್ಲ. ಹೇಗೆ ಕಾಣುತ್ತದೆ, ಒಣಗಿದ ಎಲೆಯೊಂದು ಒಲೆಯ ಬಿಸಿ ಹಾಯುವ ಕಾದ ಕೊಳವೆಯ ಮೇಲೆ ಬಿದ್ದು ಹೊಗೆಯಾಡುತ್ತಿತ್ತು, ಮಸಿ ಕೂತದ್ದು ಗಾಜಿನ ಒಳಗಡೆ, ಒರೆಸಿದ್ದು ಹೊರಗಡೆ. ಬ್ಯಾರನ್ನಿನಲ್ಲಿ ವಾಸನೆ ಬಂದರೆ ಗಾಳಿಕಿಂಡಿಗಳನ್ನೆಲ್ಲ ಮುಚ್ಚಬೇಕು, ಬಾಗಿಲಂತೂ ತೆಗೆಯಲೇಬಾರದು, ಇದು ಹೊಗೆಸೊಪ್ಪು ಬೆಳೆಯುವ ಊರುಗಳಲ್ಲಿ ಎಲ್ಲರಿಗೂ ಗೊತ್ತು, ಊರಿಗೆಲ್ಲ ಅದನ್ನು ಹೇಳಿಕೊಡುತ್ತಿದ್ದವರೇ ಅವರು, ಆದರೆ ಒರೆಸಿ ಒರೆಸಿ ಕಾಣದೆ ಹೋದಾಗ ಕೈ ಚಿಲಕಕ್ಕೆ ಹೋಯಿತು, ಒಂದು ಸಲ, ಬರೀ ಇಣುಕುವುದಕ್ಕೆ. ಬಾಗಿಲು ತೆಗೀಬೇಡಿ ಎಂದು ಅವಳು ಅಂದಾಗ ಬಾಗಿಲು ತೆರೆದಿತ್ತು, ಗಾಳಿ ನುಗ್ಗಿತ್ತು, ಬೆಂಕಿ ಅವರ ಮುಖದ ಎತ್ತರಕ್ಕೇ ಹೊರಗೆ ಬಂದಿತ್ತು.

ಏನು ಮೇಡಂ, ಯಾವ್ದು ಹಾಕ್ಲಿ, ಬಸವರಾಜು ಕೇಳುತ್ತಿದ್ದಾನೆ. ಒಂದು ನಿಮಿಷ. ಮಂಗಳ ಗ್ರಹದ್ದೇ ಸಾಕು, ಎರಡು ಡಿಸ್ಕು, ಸೋಮವಾರದವರೆಗೆ ಆಗುತ್ತದೆ, ಸೋಮವಾರ ಮೈಸೂರಿಗೆ ಹೋಗಬೇಕು, ಪಟ್ಟಿ ಬಿಚ್ಚುತ್ತಾರೆ. ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದ್ದು ಕಾರಿಡಾರಿನಲ್ಲಿ, ನೆಲ ಒರೆಸುವವಳು ಒದ್ದೆ ಬಟ್ಟೆ ಎಳೆದುಕೊಂಡು ಹೋಗುವವರೆಗೆ ತಡೆದು ಹೇಳಿದ್ದು, ಬೆಳಕು ಕತ್ತಲೆ ಗೊತ್ತಾಗಬಹುದಮ್ಮ, ಅದಕ್ಕಿಂತ ಹೆಚ್ಚಿಗೆ ಆಸೆ ಇಟ್ಟುಕೋಬೇಡಿ, ಅವರಿಗೆ ನೀವೇ ಮೆಲ್ಲಗೆ ಹೇಳಿ, ಪಟ್ಟಿ ಬಿಚ್ಚುವುದಕ್ಕೆ ಮುಂಚೆಯೇ ಹೇಳಿ. ಮೆಲ್ಲಗೆ ಎಂದರೆ ಹೇಗೆ. ಊಟಕ್ಕೆ ಮುಂಚೆಯೋ ಆಮೇಲೋ. ಅತ್ತೆ ಚಿಕ್ಕಬೀರಮ್ಮ ದಿನಾ ಬೆಳಿಗ್ಗೆ ಮಗನ ಗಲ್ಲ ಹಿಡಿದು, ಇನ್ನೇನು ಬುಡು ಮಗ, ಸ್ವಾಮಾರ ಬತ್ತದೆ, ಎಲ್ಲಾ ಸರಿಯಾಯ್ತದೆ ಎನ್ನುತ್ತಾರೆ, ಅವರು ಹೂಂ ಎನ್ನುತ್ತಾರೆ, ಇವಳು ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡುತ್ತಾಳೆ. ಮಾತಿನಲ್ಲಿ ಜಾಗ್ರತೆ ಇವಳಿಗೆ ಹುಟ್ಟುಗುಣ, ಒಂದು ಮಾತು ಆಡುವ ಮೊದಲು ಅದರ ಹಿಂದೆ ಮುಂದೆ ನೋಡುವವಳು, ಈಗ ಇಡೀ ದಿನ ಮಾತಾಡಬೇಕು, ನಕ್ಷತ್ರ, ಹೊಗೆ, ಲೋಹದ ಬಾಗಿಲು, ಅವಳ ಜಡೆ, ಅವನ ಗಡ್ಡ, ಎಲ್ಲ ಹೇಳಿ ಆ ಒಂದನ್ನು ಹೇಳದೆ ಉಳಿಸಿಕೊಳ್ಳಬೇಕು, ದಣಿವೆಲ್ಲ ಅದರದ್ದೇ. ನಿನ್ನೆ ಇನ್ನೊಂದು ಚಿಕ್ಕ ಸೀರಿಯಲ್ಲಿನ ಹಡಗಿನ ಕಥೆ ಹೇಳುತ್ತ ಕೂತಲ್ಲೇ ಕಣ್ಣು ಮುಚ್ಚಿಹೋಗಿ ಎಚ್ಚೆತ್ತಾಗ ಏನು ನಡೆದಿದೆಯೋ ತಿಳಿಯದೆ, ಹಡಗು ತಿರುಗ್ತು ಕಣ್ರೀ, ವಾಪಸ್ ಹೊರಟ್ರು ಎಂದುಬಿಟ್ಟಳು. ಅವರು ಟಿ.ವಿ.ಯ ಕಡೆಗೆ ಕಿವಿ ತಿರುಗಿಸಿದರು. ಆಮೇಲೆ, ಎಂಜಿನ್ ಸದ್ದೇ ಬದಲಾಗಲಿಲ್ಲವಲ್ಲೆ, ಎಲ್ಲಿ ತಿರುಗ್ತು? ತಿರುಗಿಲ್ಲ, ನಿದ್ದೆ ಹತ್ತಿತ್ತು ನಂಗೆ. ಸುಸ್ತಾದ್ರೆ ಸುಸ್ತು ಅನ್ನು ಕಣೆ, ಆರಿಸ್ಬಿಡು, ನಾನು ಬಲಗಡೆ ಅರ್ಧ ಸುಳ್ಳು ಹೇಳ್ತಿದ್ದೆ ಸರಿ, ನಿಂಗೆ ಪೂರ್ತಿ ಕಾಣ್ತದಲ್ಲ, ಏನ್ ಕಾಣ್ತದೋ ಅದ್ನೇ ಹೇಳು. ಕೋಪವಿರಲಿಲ್ಲ ದನಿಯಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು.

ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು, ಅವಳು ಆ ಕೆಮ್ಮನ್ನು ಗುರುತು ಹಿಡಿದಳು, ಊರಿನ ನಂಜಣ್ಣ, ಮೂರು ಮನೆಯಾಚೆಯವನು, ಯಾವುದೋ ಕುಸ್ತಿಯ ಡಿಸ್ಕು ವಾಪಸು ಕೊಡಲು ಬಂದವನು. ಲೋ ಬಸ್ರಾಜು, ಇದು ಅರ್ಧಕ್ಕೇ ನಿಂತೋಯ್ತದೆ ಕಣ್ಲಾ, ಒಬ್ಬ ಎತ್ತಿದ್ದೋನು ಎತ್ಕೊಂಡೇ ಅವ್ನೆ, ಕೆಳಗಿಳಿಸ್ತಾನೇ ಇಲ್ಲ. ಬೆಣ್ಣೆ ಕೈಯಲ್ಲಿ ಮುಟ್ಟಿದ್ರೆ ನಿಲ್ದೆ ಇನ್ನೇನಣ್ಣ, ಒರೆಸಿ ಹಾಕು. ಇಬ್ಬರೂ ನಗುತ್ತಿದ್ದಾರೆ, ಅವಳು ಡಬ್ಬದ ಹಿಂಬದಿಯನ್ನು ಓದುವವಳ ಹಾಗೆ ಮುಖ ತಗ್ಗಿಸಿದಳು, ಆದರೆ ಅವನು ಕಂಡ. ಅವ್ವಾ ಶಶಿ, ನೀನಾ, ನೋಡ್ಲೇ ಇಲ್ಲ ನಾನು. ದನಿ ತಗ್ಗಿಸಿದ, ತಗ್ಗಿದ ದನಿಯೂ ಅಂಗಡಿ ತುಂಬ ಕೇಳುತ್ತದೆ, ನಮ್ಮಕ್ಕನ ಮಗ ಅದೇ ಆಸ್ಪತ್ರೇಲಿ ಕೆಲ್ಸಕವ್ನಲ್ಲ, ಅವ್ನು ಏಳ್ದ ಕಣವ್ವ, ನಿಮ್ ಕುಮಾರನ್ ಕಣ್ಣು ಇನ್ನು ಬರಾಕಿಲ್ವಂತೆ. ಬಸವರಾಜು ಫ್ಯಾನಿನ ಕಡೆ ನೋಡಿದ. ಹಾಗಾದರೆ ಊರಿಗೆ ಗೊತ್ತು. ಗೊತ್ತಿಲ್ಲದವರು ಇಬ್ಬರೇ, ಮಂಚದ ಮೇಲೆ ಕೂತವರೊಬ್ಬರು, ಗಲ್ಲ ಹಿಡಿಯುವವರೊಬ್ಬರು. ಈಗ ನಿಮ್ಮನೇಗೇ ಓಯ್ತಾ ಇವ್ನಿ, ನಂಜಣ್ಣ ಹೇಳುತ್ತಿದ್ದಾನೆ, ಗಾಡಿ ಅದೆ, ಒಂದ್ಗಳಿಗೆ ಅವ್ನ ಜೊತೆ ಕೂತು ಧೈರ್ಯ ಏಳ್ಬುಟ್ಟು ಬತ್ತೀನಿ, ಪಾಪ ಅಂಥ ಉಡುಗ. ಕೆಟ್ಟವನಲ್ಲ ಅವನು, ಬೆಂಕಿ ಬಿದ್ದ ದಿನ ಅವರನ್ನು ಎತ್ತಿ ಜೀಪಿಗೆ ಹಾಕಿದವನೇ ಅವನು, ಧೈರ್ಯ ಹೇಳಿಯೇ ತೀರುತ್ತಾನೆ, ಅವನ ಗಾಡಿ ಅವಳ ಬಸ್ಸಿಗಿಂತ ಮುಂಚೆ ಹೋಗುತ್ತದೆ, ಅವಳು ಚಪ್ಪಲಿ ಬಿಡುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಅವಳ ನಾಲಿಗೆಗೆ ಆ ಕೆಲಸ ತಪ್ಪುತ್ತದೆ, ಒಂದು ಕ್ಷಣ, ಒಂದೇ ಕ್ಷಣ, ಹೋಗಲಿ, ಅವನೇ ಹೇಳಲಿ ಎನಿಸಿತು, ಹಗುರಾಯಿತು ಕೂಡ — ಆಮೇಲೆ ಆ ಬಿಳಿ ಪಟ್ಟಿ ನಂಜಣ್ಣನ ದನಿಯ ಕಡೆಗೆ ತಿರುಗುವುದು ಕಂಡಿತು. ನಂಜಣ್ಣ, ಇವತ್ತು ಬೇಡ, ನಾಳೆ ಬನ್ನಿ. ತನ್ನ ದನಿ ಅವಳಿಗೇ ಹೊಸದಾಗಿ ಕೇಳಿತು. ಅವರಿಗಿನ್ನೂ ಗೊತ್ತಿಲ್ಲ, ಇವತ್ತು ನಾನು ಹೇಳ್ಬೇಕು. ನಂಜಣ್ಣ ತಲೆಯ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ. ಆಗ್ಲಿ ಕಣವ್ವ, ನಾಳೀಕೇ ಬತ್ತೀನಿ.

ದೊಡ್ಡದು ಕೊಡಿ, ಬಸವರಾಜು. ಹಡಗಿಂದಾ? ಅವನು ಕೈಯನ್ನು ಡಬ್ಬದ ಮೇಲಿಟ್ಟು ಎತ್ತದೆ ನಿಂತ, ಅದು ಯಜಮಾನ್ರು ಆಮೇಲೆ ನೋಡ್ತೀನಿ ಅಂತ ಮಡಗ್ಸಿದ್ದು, ಅವರ ಹೆಸರು ಬರ್ದು ಮಡಗಿವ್ನಿ, ಬ್ಯಾರೆ ಯಾರ್ಗೂ ಕೊಡಲ್ಲ, ಅರ್ಜೆಂಟ್ ಏನಿಲ್ಲ ಮೇಡಂ. ಗೊತ್ತು, ಕೊಡಿ. ಅವನು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದ, ಮಂಗಳ ಗ್ರಹದ್ದನ್ನು ಕಪಾಟಿಗೆ ವಾಪಸು ಇಟ್ಟ, ಒಂದು ಡಿಸ್ಕಿಗೆ ಗೀರಾದ್ರೂ ತಂದ್ಬುಡಿ, ಬದಲಾಯಿಸಿಕೊಡ್ತೀನಿ, ನಿಧಾನಕ್ಕೆ ನೋಡಿ ಎಂದ. ನಿಧಾನಕ್ಕೆ. ಬಸ್ಸಿನಲ್ಲಿ ಈ ಸಲ ಕೂರಲು ಜಾಗ ಸಿಕ್ಕಿತು, ಕವರು ತೊಡೆಯ ಮೇಲೆ, ಮುಂದಿನ ಸೀಟಿನಲ್ಲಿ ಯಾರದೋ ಕೋಳಿ, ಹೊರಗೆ ಕಟಾವಾದ ಹೊಗೆಸೊಪ್ಪಿನ ಬೋಳು ದಂಟುಗಳು ಸಾಲು ಸಾಲು, ಬ್ಯಾರನ್ನುಗಳ ಮಾಡು, ಒಂದರಲ್ಲಿ ಇನ್ನೂ ಹೊಗೆ, ಯಾರೋ ತಡವಾಗಿ ಬೇಯಿಸುತ್ತಿದ್ದಾರೆ, ಗಂಡನೋ ಹೆಂಡತಿಯೋ ಕಾಯುತ್ತಿರುತ್ತಾರೆ. ಇನ್ನೇನು ಊರು ಬರುತ್ತದೆ, ಚಪ್ಪಲಿ ಬಿಡುತ್ತಾಳೆ, ಅವರು ಕೇಳುತ್ತಾರೆ, ದೊಡ್ಡದು ಇನ್ನೂ ಅಂಗ್ಡೀಲೇ ಅದಾ? ಇಲ್ಲ ಕಣ್ರೀ. ಕೈಗೆ ಕೊಡುತ್ತಾಳೆ. ಅವರು ಡಬ್ಬದ ಅಂಚು ತಡವುತ್ತಾರೆ, ಬೆರಳುಗಳ ನಡುವೆ ಅದರ ದಪ್ಪವನ್ನು ಹಿಡಿಯುತ್ತಾರೆ, ಅಷ್ಟು ದಪ್ಪ ಇರುವುದು ಒಂದೇ ಡಬ್ಬ, ಪಟ್ಟಿ ಬಿಚ್ಚಿದ ಮೇಲೆ ನೋಡಬೇಕೆಂದು ಉಳಿಸಿದ್ದು. ಯಾಕೆ ತಂದೆ ಎಂದು ಕೇಳಬಹುದು, ಕೇಳದೆಯೂ ಇರಬಹುದು, ಕೇಳದಿದ್ದರೂ ಅವಳು ಹೇಳಬೇಕು, ಡಬ್ಬಕ್ಕೆ ಬಿಟ್ಟು ಸುಮ್ಮನಿರಬಾರದು, ಪೂರ್ತಿ ಕಾಣುತ್ತದಲ್ಲ ಅವಳಿಗೆ. ಡಾಕ್ಟರು ಹೇಳಿದ ಮಾತನ್ನು ಅದೇ ಕ್ರಮದಲ್ಲಿ, ಬೆಳಕು ಕತ್ತಲೆ ಎಂಬಷ್ಟನ್ನು ಬಿಡದೆ, ಅದಕ್ಕಿಂತ ಒಂದು ಎಳೆಯೂ ಸೇರಿಸದೆ. ಆಮೇಲೆ ಕರೆಂಟು ಇದ್ದರೆ ಮೊದಲ ಡಿಸ್ಕು ಹಾಕುತ್ತಾಳೆ, ಹಾಕು ಎಂದರೆ. ಏನು ಕಾಣುತ್ತದೋ ಅದನ್ನೇ ಹೇಳುತ್ತಾಳೆ, ಕಪ್ಪು ಕಣ್ರೀ, ಪೂರಾ ಕಪ್ಪು, ಈಗ ಚುಕ್ಕಿಗಳು, ಈಗ ಹಡಗು, ಬೂದು ಬಣ್ಣ, ಬಸ್ಸಿನಲ್ಲಿ ಕೂತ ಅವಳಿಗೆ ಆಗಲೇ ಕಾಣುತ್ತಿದೆ, ಹಡಗಿನ ಮಗ್ಗುಲಲ್ಲಿ ಒಂದು ಪುಟ್ಟ ಗಾಜು, ಅಂಗೈಯಗಲ, ಅದರ ಹತ್ತಿರ ಒಬ್ಬರು ನಿಂತಿದ್ದಾರೆ, ಯಾರು, ಹೇಗಿದ್ದಾರೆ ಎಂದು ಕೇಳುತ್ತಾರೆ ಅವರು, ಹೆಗಲ ಮೇಲೆ ಟವಲು, ಟವಲಿನ ತುದಿಯಿಂದ ಗಾಜು ಒರೆಸುತ್ತಿದ್ದಾರೆ, ಮಸಿ ಒಳಗಡೆ ಇದೆ, ಅವರು ಹೊರಗಡೆ ನಿಂತು ಒರೆಸುತ್ತಾರೆ, ಇಣುಕುತ್ತಾರೆ, ಒರೆಸುತ್ತಾರೆ, ಕೈ ಇನ್ನೂ ಚಿಲಕಕ್ಕೆ ಹೋಗಿಲ್ಲ, ಒರೆಸುತ್ತಾರೆ —