ಸೈಕಲ್ಲಿನ ಮೇಲೆ ಅಪ್ಪ

ಅಪ್ಪ ಮೂರನೇ ಸಲ ಮಗುಚಿ ಬಿದ್ದಾಗ ವೆಲ್ಡಿಂಗ್ ಅಂಗಡಿಯವನಿಗೆ ತಲೆ ಕೆಟ್ಟುಹೋಯಿತು. ಬಿದ್ದದ್ದು ನಿಜವಾದ ಅಪ್ಪನಲ್ಲ. ಅವರು ಹೋಗಿ ಇಪ್ಪತ್ತು ವರ್ಷವಾಗಿತ್ತು. ಇದು ಗುಜರಿಯಿಂದ ಹೆಕ್ಕಿ ತಂದ ಸಾಮಾನಿನ ಅಪ್ಪ. ಬದುಕಿಡೀ ಊರಿನ ನಲ್ಲಿ ರಿಪೇರಿ ಮಾಡಿದವರಿಗೆ ಪೈಪಿನ ಕೈಕಾಲು, ಹಿತ್ತಾಳೆ ನಲ್ಲಿಯ ಮೂಗು, ಸೈಕಲ್ ಚೈನಿನ ಮೀಸೆ, ಬಾಯ್ಲರಿನ ಹೊಟ್ಟೆ. ಹೊಟ್ಟೆ ಕೊಂಚ ಧಾರಾಳವಾಗಿಯೇ ಬಂದಿತ್ತು.

ಅವರನ್ನು ತುಕ್ಕು ಹಿಡಿದ ಸೈಕಲ್ಲಿನ ಮೇಲೆ ಕೂರಿಸಿದ್ದ. ಐದು ವರ್ಷದವನಿದ್ದಾಗ ಅಪ್ಪ ತನ್ನನ್ನು ಗಾಳಿಯಂತೆ ಶಾಲೆಗೆ ಒಯ್ಯುತ್ತಿದ್ದದ್ದು, ಕಿವಿಯ ಹತ್ತಿರ ಅವರ ಏದುಸಿರು, ಎಲ್ಲ ನಿನ್ನೆ ಮೊನ್ನೆಯದೆಂಬಂತೆ ನೆನಪಿತ್ತು. ಈ ಕಥೆ ಕೇಳದವರು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಊರಿನ ಗ್ರಂಥಾಲಯದವರು ಈ ಮೂರ್ತಿ ನೋಡಲು ಬರುವವರಿದ್ದರು. ತಾನಾಗಿ ನಿಂತರೆ ಬಾಗಿಲ ಮುಂದೆ ಇಡುತ್ತೇವೆ, ಮಕ್ಕಳ ಮೇಲೆ ಬೀಳುವಂಥದ್ದಾದರೆ ಬೇಡವೇ ಬೇಡ ಎಂದಿದ್ದರು. ಆಸರೆಗೆ ಕಂಬಿ ನಿಲ್ಲಿಸಲು ಇವನಿಗೆ ಮನಸ್ಸಿಲ್ಲ. ಅಪ್ಪ ಯಾರನ್ನೂ ಆತುಕೊಂಡವರಲ್ಲ.

ಮಧ್ಯಾಹ್ನ ಚಹಾದ ಫ್ಲಾಸ್ಕ್ ಹಿಡಿದು ಬಂದ ಅಕ್ಕ, ನೋಡಿದವಳೇ ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದಳು.

"ಯಾಕಕ್ಕಾ, ಹೊಟ್ಟೆ ಜಾಸ್ತಿ ಆಯ್ತಾ?"

"ಹೊಟ್ಟೆ ಇರ್ಲಿ ಬಿಡೋ. ಅಪ್ಪನ್ನ ಯಾಕೆ ಸೈಕಲ್ ಹತ್ತಿಸ್ದೆ? ಅವ್ರಿಗೆ ಸೈಕಲ್ ಹೊಡಿಯಕ್ಕೇ ಬರ್ತಿರ್ಲಿಲ್ಲ."

"ಸುಮ್ನಿರಕ್ಕ. ನನ್ನ ಕೂರಿಸ್ಕೊಂಡು ಹೋಗ್ತಿದ್ರಲ್ಲ."

"ನಿನ್ನ ಸೀಟಲ್ಲಿ ಕೂರಿಸಿ ತಳ್ಕೊಂಡು ಪಕ್ಕದಲ್ಲಿ ಓಡ್ತಿದ್ರು. ಸೈಕಲ್ ಇಟ್ಕೊಂಡಿದ್ದೇ ಸಾಮಾನಿನ ಚೀಲ ನೇತುಹಾಕಕ್ಕೆ. ನೀನು ಮಹಾರಾಜನ ಹಾಗೆ ಮುಂದೆ ನೋಡ್ಕೊಂಡು ಕೂತಿರ್ತಿದ್ದೆ. ಇಬ್ಬರ ಬ್ಯಾಗೂ ಹೊತ್ಕೊಂಡು ಹಿಂದೆ ಓಡ್ತಿದ್ದವಳು ನಾನು. ನಂಗೊತ್ತಿಲ್ವಾ?"

ಅಪ್ಪನಿಗೆ ಅಷ್ಟೊಂದು ಏದುಸಿರು ಯಾಕೆ ಬರುತ್ತಿತ್ತು ಎಂದು ಐವತ್ತು ವರ್ಷದಲ್ಲಿ ಅವನು ಒಂದು ದಿನವೂ ಯೋಚಿಸಿರಲಿಲ್ಲ. ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಕಪ್ಪು ಕನ್ನಡಕ ಏರಿಸಿ ಕಟ್ಟರ್ ಎತ್ತಿಕೊಂಡ.

ಸಂಜೆಯೊಳಗೆ ಅಪ್ಪ ಸೀಟಿನಿಂದ ಇಳಿದಿದ್ದರು. ಒಂದು ಕಾಲು ನೆಲಕ್ಕೆ ಊರಿತ್ತು, ಇನ್ನೊಂದು ಹಿಂದಕ್ಕೆ ಎದ್ದಿತ್ತು, ಎರಡೂ ಕೈ ಸೈಕಲ್ಲನ್ನು ಬಿಗಿಯಾಗಿ ಹಿಡಿದಿದ್ದವು. ಅವನು ಜೋರಾಗಿ ತಳ್ಳಿ ನೋಡಿದ. ಅಲುಗಲಿಲ್ಲ.

"ಈಗ ಅಪ್ಪನ ಹಾಗೆ ಕಾಣ್ತಾರಾ?" ಎಂದು ಕೇಳಿದ.

ಅಕ್ಕ ಎದ್ದು ಅಪ್ಪನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಹೋಗಿ ನಿಂತಳು. ಅವರನ್ನು ಅವಳು ದಿನಾ ನೋಡಿದ್ದು ಅಲ್ಲಿಂದಲೇ.

"ಸ್ವಲ್ಪ ನಿಧಾನ ಓಡಿ ಅಪ್ಪಾ," ಎಂದಳು. "ಬ್ಯಾಗು ಭಾರ ಇದೆ."