ತೇವ ಕುಡಿದ ಪುಡಿ

ಪ್ರಯೋಗಶಾಲೆಯ ಮುಖ್ಯಸ್ಥನಿಗೆ ಸಹಾಯಕಿ ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಮೈಕಾಸುರ. ಎದುರಿಗೆ ಒಬ್ಬರೇ ನಿಂತಿದ್ದರೂ ಅವನು ಮಾತಾಡುತ್ತಿದ್ದುದು ಸಾವಿರ ಜನರ ಸಭೆಗೆ. ಯಾವ ಕವಾಟ ತಿರುಗಿಸಿದರೆ ಯಾವ ಅನಿಲ ಬರುತ್ತದೆಂದು ಕೇಳಿದರೆ ತಬ್ಬಿಬ್ಬಾಗುವ ಈ ಮಹಾಶಯ, 'ನನ್ನ ಪುಡಿ, ನನ್ನ ಪುಡಿ' ಎಂದು ಊರೆಲ್ಲ ಡಂಗುರ ಸಾರಿಕೊಂಡು ಬಂದಿದ್ದ.

ಪುಡಿ ಅವನದಲ್ಲ, ಅವಳದು. ಲೋಹವನ್ನು ಸಾವಯವ ಕೊಂಡಿಗಳಿಂದ ಹೆಣೆದು ಮಾಡಿದ ಆ ಹಳದಿ ಪುಡಿಯ ಕಣಕಣದಲ್ಲೂ ಕಣ್ಣಿಗೆ ಕಾಣದ ಲಕ್ಷಾಂತರ ಗೂಡುಗಳು. ಅದರ ಮೂಲಕ ಹೊಗೆ ಹಾಯಿಸಿದರೆ ಇಂಗಾಲದ ಡೈಆಕ್ಸೈಡ್ ಗೂಡುಗಳಲ್ಲಿ ಸಿಕ್ಕಿಬೀಳುತ್ತಿತ್ತು, ಸಾರಜನಕ ತನ್ನ ಪಾಡಿಗೆ ಆಚೆ ಹೋಗುತ್ತಿತ್ತು. ಮೂರು ವರ್ಷ ಅವಳು ಅದರ ಹಿಂದೆ ಬಿದ್ದಿದ್ದಳು. "ಏನೇ, ನಿನ್ ಪುಡಿ ಇವತ್ತಾದ್ರೂ ಮಾತು ಕೇಳ್ತಾ?" ಎಂದು ಮನೆಯಲ್ಲಿ ಅತ್ತೆ ಛೇಡಿಸುತ್ತಿದ್ದರು. ಅದಕ್ಕಿದ್ದ ದುರಭ್ಯಾಸ ಒಂದೇ. ಗಾಳಿಯ ತೇವ ಕಂಡರೆ ಸಾಕು, ಹೊಟ್ಟೆಬಿರಿಯ ಕುಡಿದುಬಿಡುತ್ತಿತ್ತು. ಆಮೇಲೆ ಗೂಡಿನಲ್ಲಿ ಬೇರೆ ಯಾರಿಗೂ ಜಾಗವಿಲ್ಲ. ಅದಕ್ಕೇ ಪ್ರತಿ ಪರೀಕ್ಷೆಗೂ ಮುಂಚೆ ನಿರ್ವಾತದಲ್ಲಿ ಎಂಟು ಗಂಟೆ ಕಾಯಿಸಿ, ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಬೇಕಿತ್ತು.

ಅವತ್ತು ಸಿಮೆಂಟ್ ಕಾರ್ಖಾನೆಯಿಂದ ನಾಲ್ವರು ಬಂದರು. ಅವರಿಗೆ ಒಪ್ಪಿಗೆಯಾದರೆ ಪುಡಿ ಅವರ ಚಿಮಣಿಗೆ ಹೋಗುತ್ತಿತ್ತು, ಆಗದಿದ್ದರೆ ಈ ಕೆಲಸವೇ ನಿಲ್ಲುತ್ತಿತ್ತು. ಹೊರಗೆ ಆಗಷ್ಟೇ ಮಳೆ ನಿಂತಿತ್ತು, ಕಿಟಕಿಗಳು ತೆರೆದೇ ಇದ್ದವು.

"ನೋಡಿ, ಮುಟ್ಟಿ ನೋಡಿ! ಸಂಕೋಚ ಬೇಡ!" ಎಂದು ಮೈಕಾಸುರ ಸೀಸೆಯ ಮುಚ್ಚಳ ತೆಗೆದು, ಪುಡಿಯನ್ನು ಅಗಲವಾದ ತಟ್ಟೆಗೆ ಸುರಿದು, ಕೈಯಿಂದ ಕೈಗೆ ದಾಟಿಸಿದ. ಒಬ್ಬ ಮೂಸಿದ. ಇನ್ನೊಬ್ಬ ಬೆರಳಾಡಿಸಿದ. ಭಾಷಣ ಮುಕ್ಕಾಲು ಗಂಟೆ ಎಳೆಯಿತು.

'ಸರ್, ಮುಚ್ಚಿ' ಎನ್ನುವ ಎರಡು ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅನ್ನಲಿಲ್ಲ. ಅನುಭವಿಸಲಿ ಮುಟ್ಠಾಳ, ಎಲ್ಲರೆದುರು ಮಾನ ಮೂರು ಕಾಸಿಗೆ ಹರಾಜಾಗಲಿ ಎಂದು ಕೈಕಟ್ಟಿ ನಿಂತಳು. ಒಳಗೊಳಗೇ ಖುಷಿಯೂ ಆಗುತ್ತಿತ್ತು.

"ಕೊಳವೆಗೆ ತುಂಬಮ್ಮ," ಎಂದ. ತುಂಬಿ, ಅನಿಲ ಬಿಟ್ಟಳು. ಕೊಳವೆಯಿಂದ ಆಚೆ ಬರುವ ಡೈಆಕ್ಸೈಡ್ ಅಳೆಯುವ, ಹನ್ನೊಂದು ನಿಮಿಷ ಅಲ್ಲಾಡದೆ ಮಲಗಿರಬೇಕಿದ್ದ ಪರದೆಯ ಗೆರೆ ಮೊದಲ ನಿಮಿಷದಲ್ಲೇ ಎದ್ದು ನೆತ್ತಿಗೇರಿತು. ಡೈಆಕ್ಸೈಡ್ ಪೂರ್ತಿ ಆಚೆ ಹೋಗುತ್ತಿತ್ತು.

ಮೈಕಾಸುರ ರೆಪ್ಪೆ ಕೂಡ ಬಡಿಯಲಿಲ್ಲ. "ಏನ್ ಮಾಡೋದು ಹೇಳಿ, ನಾನೆಷ್ಟು ಬಡ್ಕೊಂಡ್ರೂ ನಮ್ ಸಹಾಯಕರು ಸರಿಯಾಗಿ ಮಾಡಲ್ಲ! ಬನ್ನಿ, ಬನ್ನಿ, ಕಾಫಿ ಕುಡಿಯೋಣ," ಎಂದು ನಗುನಗುತ್ತಾ ಮೂವರನ್ನು ಕರೆದೊಯ್ದ.

ನಾಲ್ಕನೆಯವಳು, ಚಿಮಣಿ ನೋಡಿಕೊಳ್ಳುವ ಇಂಜಿನಿಯರ್, ಅಲ್ಲೇ ಉಳಿದಳು. ಬಂದಾಗಿನಿಂದ ತುಟಿ ಬಿಚ್ಚದ ಹೆಂಗಸು.

"ತೇವ ಹಿಡೀತು, ಅಲ್ವಾ?"

"ಹೌದು ಮೇಡಂ."

"ನಿಮಗೆ ಯಾವಾಗ ಗೊತ್ತಾಯ್ತು?"

"ತಟ್ಟೆಗೆ ಸುರಿದಾಗ್ಲೇ. ಅವರಿಗೆ ಅಷ್ಟೂ ಗೊತ್ತಿಲ್ಲ ನೋಡಿ!" ಸಹಾಯಕಿಯ ದನಿಯಲ್ಲಿ ಹೆಮ್ಮೆಯಿತ್ತು. "ನಾಳೆ ಬನ್ನಿ, ಕಾಯಿಸಿ ಇಟ್ಟಿರ್ತೀನಿ. ಹೊಗೆ ಒಣಗಿಸಿ ಕಳಿಸಿದ್ರೆ ಇದರಂಥ ಪುಡಿ ಇನ್ನೊಂದಿಲ್ಲ."

"ಒಣಗಿಸೋ ಯಂತ್ರ ನಮ್ಮಲ್ಲಿದೆ. ಪುಡಿ ಒಳ್ಳೇದೇ ಇರಬಹುದು," ಎಂದು ಇಂಜಿನಿಯರ್ ಚೀಲ ಹೆಗಲಿಗೇರಿಸಿದಳು. "ಅವರು ಗೊತ್ತಿಲ್ಲದೆ ಹಾಳು ಮಾಡಿದ್ರು. ನೀವು ಗೊತ್ತಿದ್ದೂ ನೋಡ್ತಾ ನಿಂತ್ರಿ. ಚಿಮಣಿ ಕೆಳಗೆ ನನ್ನ ಜನ ಕೆಲಸ ಮಾಡ್ತಾರಮ್ಮ. ನಿಮ್ಮನ್ನ ನಂಬಿ ನಾನು ಏನನ್ನೂ ಒಯ್ಯಲ್ಲ."

ಅವಳು ಹೊರಟುಹೋದಳು. ಸಹಾಯಕಿ ತಟ್ಟೆಯಲ್ಲಿ ಉಳಿದಿದ್ದ ಪುಡಿಯನ್ನು ಸೀಸೆಗೆ ತುಂಬಿ ಮುಚ್ಚಳ ಬಿಗಿದಳು. ಪಕ್ಕದ ಕೋಣೆಯಿಂದ ಮೈಕಾಸುರನ ನಗು ಕೇಳುತ್ತಿತ್ತು. ಅವನ ಮುಖ ಒಂದು ಸಲ ಸಣ್ಣಗಾಗುವುದನ್ನು ನೋಡುವ ಚಪಲಕ್ಕೆ ಅವಳು ಮೂರು ವರ್ಷವನ್ನು ಕೈಯಾರೆ ನೀರಿಗೆ ಹಾಕಿದ್ದಳು. ಆ ಮುಖ ಸಣ್ಣಗೂ ಆಗಿರಲಿಲ್ಲ.